ಡ್ರೈವರ್ ಶಿವಣ್ಣ ಮತ್ತು ಆಯಿಲ್ ರಿಪೋರ್ಟು

ಗೆಳೆಯರೇ, ಹಾರೋಹಳ್ಳಿಯ ನಮ್ಮ ಫ್ಯಾಕ್ಟರಿಯಲ್ಲಿ ಇವತ್ತು ಡ್ರೈವರ್ ಶಿವಣ್ಣನ ಕೆಲಸ ಹೋಯಿತು. ನಿನ್ನೆ ಕನಕಪುರ ರಸ್ತೆಯಲ್ಲಿ ಕಂಪನಿ ಕಾರಿನ ಇಂಜಿನ್ ಸೀಜ್ ಆಗಿ, ಒಳಗೇ ಕಚ್ಚಿಕೊಂಡು ನಿಂತಿತ್ತು.

"ನೀನೇ ಕೆಡಿಸಿದ್ದೀಯ. ಇಂಜಿನ್ ಚೆನ್ನಾಗಿದೆ ಅಂತ ಹೋದ ವಾರ ತಾನೇ ಲ್ಯಾಬ್ ರಿಪೋರ್ಟ್ ಬಂದಿದೆ" ಎಂದರು ಮ್ಯಾನೇಜರ್.

"ಒಳಗೆ ಸದ್ದು ಬತ್ತಾ ಐತೆ ಅಂತ ಮೂರು ಸಲ ಯೋಳಿದ್ದೆ ಸಾ. ಅದ್ಕೇ ಅಲ್ವಾ ಆಯಿಲ್ ಟೆಸ್ಟಿಗೆ ಕಳ್ಸಿದ್ದು?" ಎಂದ ಶಿವಣ್ಣ.

ಇಂಜಿನ್ ಸವೆಯುತ್ತಿದ್ದರೆ ಆಯಿಲ್‌ನಲ್ಲಿ ಲೋಹದ ಕಣಗಳು ಸಿಗುತ್ತವೆ. ನಮ್ಮ ರಿಪೋರ್ಟಿನಲ್ಲಿ ಅದರ ಸುಳಿವೇ ಇರಲಿಲ್ಲ. ಮ್ಯಾನೇಜರ್ ಮೊದಲ ಪುಟ ಮಾತ್ರ ನೋಡಿದ್ದರು. ಗುಮಾಸ್ತನಾದ ನಾನು ಎರಡನೆಯ ಪುಟದ ಕೊನೆಯ ಸಾಲು ಓದಿ ಹೇಳಿದೆ: ಇದು ಬಳಸಿದ ಆಯಿಲ್ ಅಲ್ಲ, ಬೇರೆ ಸ್ಯಾಂಪಲ್ ಕಳುಹಿಸಿ.

ಸ್ಯಾಂಪಲ್ ತುಂಬಿದ್ದು ಸ್ಟೋರ್ ನೋಡಿಕೊಳ್ಳುವ ಕೆಂಪಯ್ಯ. ಕರೆಸಿ ಕೇಳಿದರೆ, "ಇಂಜಿನ್ದು ಕರ್ರಗೆ ಗಲೀಜಾಗಿತ್ತು ಸಾ. ಅದ್ನ ಹೊರಗ್ನೋರಿಗೆ ಕಳಿಸುದ್ರೆ ಕಂಪ್ನಿ ಮರ್ವಾದೆ ಏನಾಗ್ಬೇಕು? ಹೊಸ ಡಬ್ಬದಿಂದ ತುಂಬ್ಬುಟ್ಟೆ" ಎಂದ.

"ನೋಡುದ್ರಾ ಸಾ!" ಎಂದ ಶಿವಣ್ಣ. ಅವನ ಮುಖದಲ್ಲಿ ಆಗಷ್ಟೇ ಜೀವ ಬಂದಿತ್ತು.

ಮ್ಯಾನೇಜರ್ ಪುಟ ಮಡಚಿದರು. "ಕೆಲಸದಿಂದ ತೆಗೆದ ಲೆಟರ್ ಟೈಪ್ ಆಗಿ ಸೈನೂ ಆಗಿದೆ. ಈಗ ನಾನು ಮೇಲಿನವರಿಗೆ ಏನಂತ ಹೇಳಲಿ?"

ಶಿವಣ್ಣ ಕಾರಿನ ಬೀಗದ ಕೈ ಮೇಜಿನ ಮೇಲಿಟ್ಟು, "ಹೋಗ್ಲಿ ಬುಡಿ ಸಾ, ಬತ್ತೀನಿ" ಎಂದು ಬಸ್ಸಿಗೆ ಹೊರಟ. ಹನ್ನೊಂದು ವರ್ಷ ಓಡಿಸಿದವನು.

ನಮ್ಮಲ್ಲಿ ಡ್ರೈವರ್ ಕೆಲಸ ಖಾಲಿ ಇದೆ. ಇಂಜಿನ್ ಸದ್ದು ಕೇಳಿದರೂ ಬಾಯಿ ಬಿಡದವರು ನಿಮ್ಮ ಕಡೆ ಯಾರಾದರೂ ಇದ್ದರೆ ತಿಳಿಸಿ.