ಕೊನೇ ಪಂಕ್ತಿಯ ಕಾಳು

ನಮ್ಮತ್ತೆ ಭೀಮಕ್ಕ ಊಟಕ್ಕೆ ಕೂರುವುದು ಎಲ್ಲರೂ ಕೈ ತೊಳೆದ ಮೇಲೆ. ತಪ್ಪಲೆಯ ತಳದಲ್ಲಿ ಉಳಿದದ್ದೇ ಅವರ ಊಟ. ನಾನು ಜಗಳೂರಿನ ಮೆಕ್ಕೆಜೋಳದ ಸೀಮೆಯಿಂದ ತ್ಯಾವಣಿಗೆಯ ಈ ಭತ್ತದ ಮನೆಗೆ ಸೊಸೆಯಾಗಿ ಬಂದವಳು. ಜೊತೆಗೆ ಕೂರಿ ಎಂದು ಎಷ್ಟು ಕರೆದರೂ, ತನಗೇನು ಅವಸರ ಎಂದು ನಕ್ಕುಬಿಡುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು.

ಕೃಷಿ ಕಾಲೇಜಿನಲ್ಲಿ ನನ್ನ ಸಂಶೋಧನೆ ಭತ್ತದ ಕಾಳಿನ ಮೇಲೆ. ಬೆಳೆಯುವ ಕಾಳಿನೊಳಗೆ ಕಿರು ಆರ್‌ಎನ್‌ಎ ಎಂಬ ತುಣುಕುಗಳಿರುತ್ತವೆ. ಯಾವ ವಂಶವಾಹಿ ಮಾತಾಡಬೇಕು, ಯಾವುದು ಬಾಯಿ ಮುಚ್ಚಿಕೊಂಡಿರಬೇಕು ಎಂಬುದರಲ್ಲಿ ಅವುಗಳ ಕೈ ದೊಡ್ಡದು. ಮೂರ್ತಿ ಚಿಕ್ಕದು, ಕೀರ್ತಿ ದೊಡ್ಡದು, ನಮ್ಮತ್ತೆಯ ಹಾಗೆಯೇ. ಅವನ್ನು ನೋಡಬೇಕೆಂದರೆ ಕಾಳಿನಲ್ಲಿ ಹಾಲು ಇರುವಾಗಲೇ ತೆನೆ ಕೊಯ್ಯಬೇಕು. ನನಗೆ ಬೇಕಿದ್ದದ್ದು ಅತ್ತೆ ತವರಿನಿಂದ ಬೀಜ ತಂದು ಉಳಿಸಿಕೊಂಡಿದ್ದ ಭತ್ತ. ಹಾಲು ಗಟ್ಟಿಯಾಯಿತೆಂದರೆ ನನ್ನ ಒಂದು ವರ್ಷ ನೀರುಪಾಲು.

ಕೇಳಿದೆ. ಅತ್ತೆ ಕಣ್ಣು ಕೆಂಪಗೆ ಮಾಡಿದರು.

"ಸೀಗೆ ಹುಣ್ಣಿಮೆಗೆ ಭೂಮ್ತಾಯಿ ಬಸುರಿ ಅಂತ ಗದ್ದೆಗೆಲ್ಲ ಚರಗದ ಅನ್ನ ಚೆಲ್ಲಿ ಉಣಿಸಿ ಬಂದೀವಿ. ಈಗ ಹಾಲುಗೂಸನ್ನ ಕೊಯ್ಯಾಕೆ ಬಿಡ್ಲಾ? ಆಗಲ್ಲ ಕಣವ್ವ."

ಮಾವ ಮರುಳಸಿದ್ದಪ್ಪ, ನಾಲ್ಕು ತೆನೆ ತಾನೇ ಎಂದು ಬಾಯಿ ಹಾಕಿ ತಾವೂ ಬೈಸಿಕೊಂಡರು. ಮನೆಯಲ್ಲಿ ಮಾತು ನಿಂತಿತು. ಗದ್ದೆಯಲ್ಲಿ ಹಾಲು ಗಟ್ಟಿಯಾಗುತ್ತಿತ್ತು.

ತಡೆಯಲಾರದೆ ಅತ್ತೆಯನ್ನೇ ಬದುವಿಗೆ ಕರೆದೊಯ್ದೆ. ತೆನೆಯನ್ನು ಕೀಳದೆ ಅಂಗೈ ಮೇಲಿಟ್ಟು ತೋರಿಸಿದೆ. ತುದಿಯ ಹೂ ಮೊದಲು ಅರಳಿ ಮೊದಲು ತುಂಬುತ್ತದೆ. ಬುಡದ್ದು ತಡವಾಗಿ ಅರಳುತ್ತದೆ, ಎಷ್ಟೋ ಸಲ ಜೊಳ್ಳಾಗುತ್ತದೆ. ಒಂದೇ ತೆನೆಯ ಮಕ್ಕಳಾದರೂ ಎರಡರೊಳಗಿನ ಕಿರು ಆರ್‌ಎನ್‌ಎ ಒಂದೇ ಥರ ಇರುವುದಿಲ್ಲ. ಬುಡದ ಕಾಳನ್ನು ತಡೆಯುವುದು ಯಾವುದೆಂದು ತಿಳಿದರೆ, ಮುಂದೆ ಯಾರಾದರೂ ಜೊಳ್ಳು ಕಡಿಮೆಯಿರುವ ತಳಿ ತಂದಾರು ಎಂದೆ. ನಾನೇ ತರುತ್ತೇನೆ ಎನ್ನಲಿಲ್ಲ. ಸುಳ್ಳು ಹೇಳಿ ತೆನೆ ಪಡೆಯುವುದು ನನಗೆ ಬೇಡವಾಗಿತ್ತು.

ಅತ್ತೆ ತುದಿಯ ಕಾಳನ್ನು ಹಿಚುಕಿದರು, ಹಾಲು ಬಂತು. ಬುಡದ್ದನ್ನು ಹಿಚುಕಿದರು, ಏನೂ ಬರಲಿಲ್ಲ.

"ಕೊನೇ ಪಂಕ್ತೀಲಿ ಕುಂತೈತೆ ಇದು," ಎಂದರು. "ಬಡಿಸೋ ಹೊತ್ತಿಗೆ ತಪ್ಪಲೆ ಖಾಲಿ."

ಆಮೇಲೆ ಭೂಮಿಗೆ ಕೈಮುಗಿದು ತಾವೇ ತುಂಬು ತೆನೆಗಳನ್ನು ಆರಿಸಿ ಕೊಯ್ದುಕೊಟ್ಟರು. ದ್ರವ ಸಾರಜನಕದ ಹೊಗೆಯಾಡುವ ತಣ್ಣನೆಯ ಡಬ್ಬಿಗೆ ಅವನ್ನು ಇಳಿಸುವಾಗ ನನ್ನ ಕಣ್ಣು ತುಂಬಿಬಂತು.

ಫಲಿತಾಂಶಕ್ಕೆ ಇನ್ನೂ ಕಾಲವಿದೆ. ಆದರೆ ಅವತ್ತು ಮಧ್ಯಾಹ್ನ ಮಾವನಿಗೆ ಬಡಿಸಿದ ಅತ್ತೆ, ಇನ್ನೊಂದು ತಟ್ಟೆ ತಂದು ಅವರ ಪಕ್ಕದಲ್ಲೇ ಕೂತರು. ಮಾವ ತುತ್ತು ಕೈಯಲ್ಲೇ ಹಿಡಿದು ನೋಡಿದರು.

"ಏನ್ ನೋಡ್ತೀರಿ? ಪುಷ್ಪಾ, ನೀನೂ ತಟ್ಟೆ ತಗಂಡು ಬಾರವ್ವ. ಬಿಸಿ ಇದ್ದಾಗ್ಲೇ ಉಣ್ಣಾನ."