ಹಳದಿ ಹೋಗದ ಪುಡಿಯೊಂದಿಗೆ ಸಂಭಾಜಿನಗರಕ್ಕೆ

ಬೆಳಗಿನ ಆರೂವರೆ ಬಸ್ಸಿಗೆಂದು ನಾಸಿಕದ ನಮ್ಮ ಮನೆಯಿಂದ ಹೊರಟಾಗ ನನ್ನ ಕೈಚೀಲದಲ್ಲಿ ಹೆಬ್ಬೆರಳುದ್ದದ ಎರಡು ಸೀಸೆಗಳಿದ್ದವು. ಒಳಗಿದ್ದದ್ದು ಕರಿಬೇವಿನ ಕಷಾಯದಿಂದ ಮಾಡಿದ ಝಿಂಕ್ ಆಕ್ಸೈಡಿನ ನ್ಯಾನೊ ಪುಡಿ; ಉಳಿದದ್ದು ಮನೆಯ ಕಪಾಟಿನಲ್ಲಿತ್ತು. ಮಧ್ಯಾಹ್ನ ಹನ್ನೆರಡಕ್ಕೆ ಛತ್ರಪತಿ ಸಂಭಾಜಿನಗರದ ಪ್ರಯೋಗಾಲಯವೊಂದರಲ್ಲಿ ಅದರ ಪರೀಕ್ಷೆ. ಚಪ್ಪಲಿ ಮೆಟ್ಟುತ್ತಿದ್ದಾಗ ಅತ್ತೆ ಬಾಗಿಲಿಗೆ ಬಂದರು. ಬೀದರಿನವರು, ಸಕ್ಕರೆ ಕಾಯಿಲೆ, ಹಿಮ್ಮಡಿಯಲ್ಲಿ ವರ್ಷದಿಂದ ಮಾಯದ ಹುಣ್ಣು.

"ಯವ್ವಾ, ನೀ ಕಪಾಟಿನ್ಯಾಗ ಇಟ್ಟಿದ್ದಿ ನೋಡು, ಆ ಪುಡಿ ಕೊಬ್ಬರಿ ಎಣ್ಣಿದಾಗ ಕಲಸಿ ಹಚ್ಕೊಂಡೀನಿ. ನಾಕು ದಿನ ಆಯ್ತು. ಉರಿ ಕಡಿಮಿ ಆಗ್ಯದ," ಅಂದರು.

ತಪ್ಪು ನನ್ನದೇ. ಈ ಪುಡಿ ಗಾಜಿನ ತಟ್ಟೆಯಲ್ಲಿ ಬೆಳೆಸಿದ ಬ್ಯಾಕ್ಟೀರಿಯಾವನ್ನೆಲ್ಲ ಕೊಂದಿತು, ನಾಳೆ ಗಾಯದ ಪಟ್ಟಿಗೂ ಬಳಸಬಹುದು ಎಂದು ಊಟದ ಹೊತ್ತಿನಲ್ಲಿ ಕೊಚ್ಚಿಕೊಂಡವಳು ನಾನು. ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳಿ ಹೇಳಿ ರೂಢಿಯಾದವಳಿಗೆ ಮನೆಯಲ್ಲೂ ಬಾಯಿ ನಿಲ್ಲುವುದಿಲ್ಲ. ಅತ್ತೆಯ ಕಾಲು ತೊಳೆಸಿದೆ. ಕೂಡಲೇ ಡಾಕ್ಟರ ಬಳಿ ಕರೆದುಕೊಂಡು ಹೋಗು ಎಂದು ಗಂಡನಿಗೆ ಹೇಳಿದೆ. ಪುಡಿಯಲ್ಲಿ ನಿಜಕ್ಕೂ ಏನಿದೆ ಎಂಬುದು ನನಗೆ ಆವತ್ತೇ ತಿಳಿಯಬೇಕಿತ್ತು, ಅದಕ್ಕೇ ಬಸ್ಸು ಬಿಡಲಿಲ್ಲ.

ನಿಲ್ದಾಣದಲ್ಲಿ ಶ್ರೇಯಾ ಕಾಯುತ್ತಿದ್ದಳು. ನನ್ನ ವಿದ್ಯಾರ್ಥಿನಿ. ಅವಳಪ್ಪ ಉಡುಪಿ ಕಡೆಯವರು, ನಾಸಿಕದಲ್ಲಿ ಹೋಟೆಲು ಇಟ್ಟಿದ್ದಾರೆ. ನಮ್ಮ ಪುಡಿಗೆ ಎಲೆ ಬಂದದ್ದು ಅಲ್ಲಿಂದಲೇ. ಇನ್ನೂರು ಕಿಲೋಮೀಟರಿನ ಆಸುಪಾಸು, ಐದು ತಾಸಿನ ದಾರಿ, ಹೆಂಗಸರಿಗೆ ಅರ್ಧ ಟಿಕೆಟ್ಟು. ನಿಫಾಡಿನ ದ್ರಾಕ್ಷಿ ತೋಟಗಳು ಕಿಟಕಿಯಲ್ಲಿ ಸರಿಯುತ್ತಿದ್ದರೂ ನನಗೆ ಕಾಣುತ್ತಿದ್ದದ್ದು ಅತ್ತೆಯ ಹಿಮ್ಮಡಿ ಮಾತ್ರ.

ಯೇವಲಾದಲ್ಲಿ ಬಸ್ಸು ಹತ್ತು ನಿಮಿಷ ನಿಂತಿತು. ಶ್ರೇಯಾ ಇಡ್ಲಿ ಪೊಟ್ಟಣ ಬಿಚ್ಚಿದಳು. ಸುಮ್ಮನಿರಲಾರದೆ ಕೇಳಿದೆ: "ಎಲೆ ಚೆನ್ನಾಗಿ ತೊಳೆದಿದ್ದೆ ತಾನೇ?"

"ಹೌದು ಮ್ಯಾಮ್, ಡಿಸ್ಟಿಲ್ಡ್ ವಾಟರಲ್ಲಿ ಮೂರು ಸಲ. ಅದಕ್ಕೂ ಮೊದ್ಲು ನಮ್ಮ ಅಡುಗೆ ಭಟ್ರು ಅರಶಿನ, ಉಪ್ಪು ಹಾಕಿದ ನೀರಲ್ಲಿ ನೆನೆಸಿ ಇಡ್ತಾರೆ. ಹೋಟೆಲಿನ ಕರಿಬೇವಿಗೆಲ್ಲ ಹಾಗೇ. ಹುಳದ ಔಷಧಿ ಹೊಡೆದಿರ್ತಾರಲ್ಲ."

"ಅರಿಶಿನ ಪ್ಯಾಕೆಟ್ಟಿನದೋ, ಬಿಡಿಯದೋ?"

"ತೊಳೀಲಿಕ್ಕೆ ಅಲ್ವಾ, ಬಿಡಿದೇ, ಸಸ್ತಾದು. ಅಡುಗೆಗೆ ಬೇರೆ ಉಂಟು."

ಕೈಯಲ್ಲಿದ್ದ ಇಡ್ಲಿ ಕೆಳಗಿಟ್ಟೆ. ಅಗ್ಗದ ಬಿಡಿ ಅರಿಶಿನಕ್ಕೆ ಬಣ್ಣ ಬರಲೆಂದು ಕೆಲವರು ಸೀಸವಿರುವ ವಿಷದ ಹಳದಿ ಬೆರೆಸುತ್ತಾರೆ. ಕಷಾಯಕ್ಕೆ ಝಿಂಕಿನ ಲವಣ ಹಾಕಿ, ಗಟ್ಟಿಯಾಗುವವರೆಗೆ ಕಾಯಿಸಿ, ಕುಲುಮೆಯಲ್ಲಿ ನಾನೂರು ಡಿಗ್ರಿಯಲ್ಲಿ ಸುಡುವುದು ನಮ್ಮ ವಿಧಾನ. ಆ ಬಿಸಿಗೆ ಎಲೆ, ಅರಿಶಿನ ಎಲ್ಲ ಸುಟ್ಟುಹೋಗುತ್ತವೆ. ಸೀಸ ಹೋಗುವುದಿಲ್ಲ. ಝಿಂಕ್ ಆಕ್ಸೈಡು ಬಿಸಿಯಿದ್ದಾಗ ಹಳದಿಯಾಗಿ, ತಣಿದ ಮೇಲೆ ಬೆಳ್ಳಗಾಗಬೇಕು. ನಮ್ಮದು ತಣಿದ ಮೇಲೂ ನಸುಹಳದಿಯೇ ಉಳಿದಿತ್ತು. ಅದನ್ನು ಕರಿಬೇವಿನ ಗುಣ ಎಂದು ಇಬ್ಬರೂ ಬೀಗಿದ್ದೆವು. ನನ್ನ ಅನುಮಾನ ಹೇಳಿದಾಗ ಶ್ರೇಯಾ ಪೊಟ್ಟಣ ಮಡಚಿಟ್ಟಳು.

ಸಂಭಾಜಿನಗರದಲ್ಲಿ ಬಿಸಿಲು ಸುಡುತ್ತಿತ್ತು. ಪರೀಕ್ಷೆ ಮುಗಿಸಿ ಹತ್ತಿರದ ವೇರೂಳಿನ ಗುಹಾದೇವಾಲಯಗಳಿಗೆ ಹೋಗೋಣ ಅಂದುಕೊಂಡಿದ್ದೆವು, ಆ ಸುದ್ದಿಯನ್ನು ಯಾರೂ ಎತ್ತಲಿಲ್ಲ. ರಿಕ್ಷಾದಲ್ಲಿ ಸೀಸೆಗಳನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ ಅಂಗೈಯಲ್ಲಿ ಗುರುತು ಮೂಡಿತ್ತು.

ಎಕ್ಸ್‌-ರೇ ಯಂತ್ರದ ಮುಂದೆ ಕೂತವರು ತಲೆ ನರೆತ ತಂತ್ರಜ್ಞರು. ಮುಕ್ಕಾಲು ತಾಸಿನ ಮೇಲೆ ಪರದೆಯಲ್ಲಿ ಏರಿಳಿದ ಗೆರೆಯನ್ನು ತೋರಿಸಿ ಮರಾಠಿಯಲ್ಲಿ ಹೇಳಿದರು: "ಈ ಎತ್ತರದವು ನಿಮ್ಮ ಝಿಂಕ್ ಆಕ್ಸೈಡು, ಚೆನ್ನಾಗಿ ಬಂದಿದೆ. ಇವೆರಡು ಉಪ್ಪು." ಹಾಗಾದರೆ ಭಟ್ಟರ ಅರಿಶಿನದ ನೀರು ಪುಡಿಯವರೆಗೂ ಬಂದಿತ್ತು.

"ಸೀಸ?"

ಅವರು ಬುಡದಲ್ಲಿದ್ದ ಒಂದು ಸಣ್ಣ ಉಬ್ಬಿನ ಮೇಲೆ ಪೆನ್ಸಿಲ್ ಇಟ್ಟರು. "ಇದನ್ನು ನಾನು ಹೌದು ಅನ್ನಲಾರೆ, ಅಲ್ಲವೆಂದೂ ಅನ್ನಲಾರೆ. ಅಷ್ಟು ಸ್ವಲ್ಪವಿದ್ದರೆ ಈ ಯಂತ್ರಕ್ಕೆ ಸರಿಯಾಗಿ ಕಾಣುವುದಿಲ್ಲ. ಬೇರೆ ಪರೀಕ್ಷೆಗೆ ಕೊಡಿ, ಎಂಟು ದಿನ ಹಿಡಿಯುತ್ತದೆ." ಒಂದು ಸೀಸೆಯನ್ನು ಅಲ್ಲೇ ಕೊಟ್ಟೆವು.

ಹೊರಗೆ ಬಂದಾಗ ಗಂಡನ ಫೋನು. ಡಾಕ್ಟರು ಹುಣ್ಣು ತೊಳೆದರಂತೆ, ಕೆಟ್ಟಿಲ್ಲವಂತೆ, ರಕ್ತ ಪರೀಕ್ಷೆಗೆ ಕಳಿಸಿದ್ದಾರಂತೆ. ಅತ್ತೆಗೆ ಚೆನ್ನಾಗಿ ಬೈದರಂತೆ. ಜೀವ ಬಂದಂತಾಯಿತು. ಇಬ್ಬರೂ ಚಹಾ ಕುಡಿದು ಎರಡೂವರೆ ಬಸ್ಸು ಹಿಡಿದೆವು. ಶ್ರೇಯಾ ದಾರಿಯಲ್ಲಿ ಭಟ್ಟರಿಗೆ ಫೋನು ಮಾಡಿ ಆ ಅರಿಶಿನವನ್ನು ತೆಗೆದಿಡಿಸಿದಳು. ನಾನು ನಿದ್ದೆ ಹೋದೆ.

ಎಂಟು ಗಂಟೆಗೆ ನಮ್ಮ ಮಹಡಿ ಹತ್ತಿದಾಗ ಎದುರು ಮನೆಯ ಮಾವಶಿ, ಅಂದರೆ ನಾವೆಲ್ಲ ಹಾಗೆ ಕರೆಯುವ ಮರಾಠಿ ಅಜ್ಜಿ, ಹನ್ನೆರಡು ದಿನದ ಮೊಮ್ಮಗಳನ್ನು ಎತ್ತಿಕೊಂಡು ಬಾಗಿಲಲ್ಲಿದ್ದರು. ನನ್ನನ್ನು ನೋಡಿ ಮುಖ ಅರಳಿತು.

"ನಿಮ್ಮ ಅತ್ತೆ ಕೊಟ್ಟ ಔಷಧಿಗೆ ಹೊಕ್ಕಳು ಎಷ್ಟು ಬೇಗ ಒಣಗಿತು ನೋಡಿ," ಎಂದು ಬಟ್ಟೆ ಸರಿಸಿ ತೋರಿಸಿದರು. ಹೊಕ್ಕಳಿನ ಸುತ್ತ ನಸುಹಳದಿ ಪುಡಿ ಮೆತ್ತಿತ್ತು. "ಇನ್ನೊಂದು ಚಿಟಿಕೆ ಇದ್ದರೆ ಕೊಡಿ, ಮುಗಿದುಹೋಗಿದೆ."

ಬೆಳಗ್ಗೆ ಅತ್ತೆಯನ್ನು ಪುಡಿ ಬೇರೆ ಯಾರಿಗಾದರೂ ಕೊಟ್ಟಿರಾ ಎಂದು ಕೇಳಬೇಕೆಂದು ನನಗೆ ಹೊಳೆದೇ ಇರಲಿಲ್ಲ.

"ಅದು ಔಷಧಿಯಲ್ಲ ಮಾವಶಿ," ಅಂದೆ. "ಏನೆಂದು ನನಗೂ ಪೂರ್ತಿ ಗೊತ್ತಿಲ್ಲ. ಸೊಸೆಯನ್ನು ಕರೆಯಿರಿ, ಈಗಲೇ ಆಸ್ಪತ್ರೆಗೆ ಹೋಗಬೇಕು."

ಅವರು ನಗುತ್ತಲೇ ಇದ್ದರು. ನಾನು ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡಿದ್ದರು.