ಅವರ ಗಾಳಿ ನನ್ನ ಮಣಿಕಟ್ಟಿನಲ್ಲಿ

ಆಯುಧ ಪೂಜೆಯ ದಿನ ನನ್ನ ಗಂಡ ಪೂಜೆ ಮಾಡದೆ ಬಿಟ್ಟ ವಸ್ತು ನಮ್ಮ ಮನೆಯಲ್ಲಿ ಯಾವುದೂ ಇಲ್ಲ. ಊರಾಚೆ ವಾಳೂಜಿನ ಕಾರ್ಖಾನೆಯಲ್ಲಿ ಮಶೀನುಗಳ ನಡುವೆ ಆಯುಷ್ಯ ಕಳೆದು ನಿವೃತ್ತರಾದ ಮನುಷ್ಯ. ಪಾನಾ, ಸ್ಕ್ರೂಡ್ರೈವರ್, ಸ್ಕೂಟರ್, ಮಿಕ್ಸರ್ ಎಲ್ಲವನ್ನೂ ಬಿಚ್ಚಿ, ಥಳಥಳ ಹೊಳೆಯುವಂತೆ ಒರೆಸಿ, ವಿಭೂತಿ ಎಳೆದು, ಚೆಂಡುಹೂ ಏರಿಸಿದ ಮೇಲೆಯೇ ಅವರಿಗೆ ಹೋಳಿಗೆ ಗಂಟಲಲ್ಲಿ ಇಳಿಯುವುದು. ಒಂದು ವರ್ಷ ನನ್ನ ಕೂದಲು ಒಣಗಿಸುವ ಯಂತ್ರಕ್ಕೂ ಕುಂಕುಮ ಬಿದ್ದು, ಆಮೇಲೆ ವಾರಗಟ್ಟಲೆ ನನ್ನ ತಲೆಯ ಮೇಲೆ ಕೆಂಪು ಧೂಳು ಹಾರುತ್ತಿತ್ತು. ಬೀದರ ಬಿಟ್ಟು ಸಂಭಾಜಿನಗರಕ್ಕೆ ಬಂದು ನಮ್ಮ ಊಟ ಬದಲಾಯಿತು, ಮಾತು ಮುಕ್ಕಾಲು ಮರಾಠಿಯಾಯಿತು, ಈ ಭಕ್ತಿ ಮಾತ್ರ ಕೂದಲಷ್ಟೂ ಕಡಿಮೆಯಾಗಲಿಲ್ಲ.

ಸ್ಕೂಬಾದ ಹುಚ್ಚು ಹಚ್ಚಿದವಳು ಮಗಳು. ಅವಳಿಗೆ ನಾಸಿಕದಲ್ಲಿ ನೌಕರಿ. ಅಲ್ಲಿನ ಒಂದು ಈಜುಕೊಳದಲ್ಲಿ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಮುಳುಗುವುದನ್ನು ಕಲಿಸುತ್ತಾರೆ. ಪಾಸಾದವರನ್ನು ಕೊಂಕಣದ ಸಮುದ್ರಕ್ಕೆ ಕರೆದೊಯ್ಯುತ್ತಾರೆ. ಅಪ್ಪ ನಿವೃತ್ತರಾಗಿ ದಿನವಿಡೀ ಅವ್ವನ ಅಡುಗೆಮನೆಯಲ್ಲಿ ಸಲಹೆ ಕೊಡುತ್ತಿದ್ದಾರೆಂದು ತಿಳಿದು, ನಮ್ಮಿಬ್ಬರ ಹೆಸರನ್ನೂ ಅವಳು ಹಚ್ಚಿಬಿಟ್ಟಳು. ನಾನು ಹೂಂ ಅಂದೆ. ಸಮುದ್ರದ ತಳ ನೋಡಬೇಕೆಂಬ ಆಸೆ ನನಗೆ ಚಿಕ್ಕಂದಿನಿಂದ ಇತ್ತು. ಯಾರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ.

ನನ್ನ ಗಂಡನಿಗೆ ಮಾತ್ರ ನನ್ನ ಮೇಲೆ ಎಳ್ಳಷ್ಟೂ ಭರವಸೆ ಇರಲಿಲ್ಲ. "ಅಕಿಗಿ ಆಗೂದಿಲ್ರಿ. ಎರಡ ಮಾಳಗಿ ಏರಿದ್ರ ದಮ್ ಹತ್ತತದ" ಎಂದು ಹಾಲಿನವನಿಂದ ಹಿಡಿದು ಡಾಕ್ಟರವರೆಗೆ ಸಿಕ್ಕಸಿಕ್ಕವರಿಗೆಲ್ಲ ಹೇಳಿದರು. ಡಾಕ್ಟರು ನನ್ನ ಎದೆ ಪರೀಕ್ಷಿಸಿ ಏನೂ ತೊಂದರೆ ಇಲ್ಲ ಎಂದರೂ ಹಾಡಿದ್ದೇ ಹಾಡೋ ಕಿಸಬಾಯಿದಾಸ. ಯಾರಾದರೂ ನನ್ನನ್ನು ಏನಾದರೂ ಕೇಳಿದರೆ ಉತ್ತರ ಅವರ ಬಾಯಿಂದಲೇ ಬರುವುದು ನಮ್ಮ ಸಂಸಾರದ ಹಳೆಯ ಪದ್ಧತಿ. ಈ ಸಲ ನನಗೂ ಹಟ ಬಂತು. ಪಾಸಾಗಬೇಕು, ಸಮುದ್ರಕ್ಕೆ ಇಳಿಯಬೇಕು, ಅಷ್ಟೇ.

ಮಗಳು ಇಬ್ಬರಿಗೂ ಒಂದೊಂದು ಗಡಿಯಾರ ಕೊಡಿಸಿದ್ದಳು. ಅದರ ಜೋಡಿ ಹೆಬ್ಬೆರಳಿನಷ್ಟು ಒಂದು ಕರಿ ಡಬ್ಬಿ. ಡಬ್ಬಿಯನ್ನು ಸಿಲಿಂಡರಿನ ಬಾಯಿಯ ಹತ್ತಿರ ಕೂರಿಸಿದರೆ, ಒಳಗೆ ಎಷ್ಟು ಗಾಳಿ ಉಳಿದಿದೆ ಎಂಬುದು ತಂತಿಯಿಲ್ಲದೆ ಗಡಿಯಾರದಲ್ಲಿ ಕಾಣುತ್ತದೆ. ಯಾವ ಡಬ್ಬಿಗೆ ಯಾವ ಗಡಿಯಾರವೋ ಅದಕ್ಕೆ ಅದೇ. ಬೇರೆಯದರ ಜೊತೆ ಅದು ಮಾತಾಡುವುದಿಲ್ಲ. ಎರಡೂ ಡಬ್ಬಿ ಒಂದೇ ರೀತಿ ಇದ್ದುದರಿಂದ ನನ್ನದರ ಮೇಲೆ ಕೆಂಪು ನೇಲ್ ಪಾಲಿಶ್ ಚುಕ್ಕೆ ಇಟ್ಟುಕೊಂಡಿದ್ದೆ. ಕಲಿಸುವ ಮಾಸ್ತರ ಮರಾಠಿ ಹುಡುಗ, ಗಾಳಿ ತೋರಿಸುವ ಹಳೆಯ ಕಾಲದ ಮುಳ್ಳಿನ ಮೀಟರನ್ನೂ ನಮ್ಮ ಸೊಂಟದ ಪಕ್ಕ ಜೋತುಬಿಟ್ಟು, ಅದನ್ನೂ ನೋಡುತ್ತಿರಿ ಎಂದಿದ್ದ. ಮಣಿಕಟ್ಟಿನ ಮೇಲೆ ಬಣ್ಣದ ಅಂಕಿ ಮಿನುಗುವಾಗ ಸೊಂಟ ಯಾರು ನೋಡುತ್ತಾರೆ?

ಪರೀಕ್ಷೆಗೆ ಮುಂಚೆ ಆಯುಧ ಪೂಜೆ ಬಂತು. ಡಬ್ಬಿಗಳೂ ಮಣೆಯ ಮೇಲೆ ಕೂತವು. ಪೂಜೆಗೆ ಕೂರುವ ಆಯುಧದ ಮೇಲೆ ಕಲೆ ಇರಬಾರದಲ್ಲ, ನನ್ನ ಗಂಡ ಥಿನ್ನರ್ ಹಾಕಿ ತಿಕ್ಕಿ ಕೆಂಪು ಚುಕ್ಕೆಯನ್ನು ನಿರ್ನಾಮ ಮಾಡಿದರು. ಭಾನುವಾರ ನಾಸಿಕದಲ್ಲಿ ಅವುಗಳನ್ನು ಕೂರಿಸಿದವರೂ ಅವರೇ. ಮಾಸ್ತರನಿಗೂ ಮುಟ್ಟಲು ಬಿಡಲಿಲ್ಲ. "ಮಶೀನ್ ಕೆಲಸ ನಮಗ ಕಲಿಸಬ್ಯಾಡ್ರಿ" ಎಂದರು. ಎರಡೂ ಸಿಲಿಂಡರ್ ತುಂಬಿದ್ದವು, ಎರಡೂ ಗಡಿಯಾರ ಹೆಚ್ಚುಕಡಿಮೆ ಒಂದೇ ಅಂಕಿ ತೋರಿಸಿದವು. ಯಾರಿಗೂ ಅನುಮಾನ ಬರಲಿಲ್ಲ.

ಪರೀಕ್ಷೆ ಸರಳ. ಕೊಳದ ಆಳದಲ್ಲಿ ಜೋಡಿಯಾಗಿ ಇರಬೇಕು, ಮಾಸ್ತರ ಹೇಳಿದ ಕಸರತ್ತು ಮಾಡಬೇಕು, ಗಾಳಿ ಉಳಿಸಿಕೊಂಡು ಮೇಲೆ ಬರಬೇಕು. ದುಂದು ಮಾಡಿದವರಿಗೆ ಸಮುದ್ರ ಇಲ್ಲ.

ಇಳಿದ ಸ್ವಲ್ಪ ಹೊತ್ತಿಗೇ ನನ್ನ ಅಂಕಿ ಜಾರತೊಡಗಿತು. ನಾನು ನಿಧಾನವಾಗಿ ಉಸಿರಾಡಿದೆ, ಇನ್ನೂ ಜಾರಿತು. ಶಿವಧ್ಯಾನಕ್ಕೆ ಕೂತವಳಂತೆ ಕೈಕಾಲು ಅಲುಗಿಸದೆ ನಿಂತೆ. ಅಂಕಿ ದಡದಡ ಇಳಿಯಿತು. ಇನ್ನೊಂದು ವಿಚಿತ್ರವೆಂದರೆ, ನನ್ನ ಗಂಡ ದೂರ ಹೋದಾಗ ಅಂಕಿಯೇ ಮಾಯವಾಗಿ ಬರೀ ಗೆರೆ ಕಾಣುತ್ತಿತ್ತು, ಅವರು ಹತ್ತಿರ ಬಂದರೆ ಮತ್ತೆ ಹಾಜರಾಗುತ್ತಿತ್ತು. ಗಡಿಯಾರವೂ ಅವರ ಪಕ್ಷ ಸೇರಿತು ಎಂದುಕೊಂಡೆ.

ಅತ್ತ ಅವರ ಸಂಭ್ರಮ ಹೇಳತೀರದು. ಕೈ ಬೀಸಿದರು, ಕಾಲು ಬಡಿದರು, ಪದ್ಮಾಸನ ಹಾಕಲು ಹೋಗಿ ಉರುಳಿದರು, ನಕ್ಕು ಕುಕ್ಕರಿನಂತೆ ಗುಳ್ಳೆ ಬಿಟ್ಟರು. ನಡುನಡುವೆ ತಮ್ಮ ಗಡಿಯಾರವನ್ನು ನನ್ನ ಮೂಗಿನ ಮುಂದೆ ಹಿಡಿದು ಬೆರಳಿನಿಂದ ಕುಟ್ಟಿ ತೋರಿಸುತ್ತಿದ್ದರು: ನೋಡು, ಖರ್ಚೇ ಇಲ್ಲ! ನನಗೆ ಅಳು ಬಂತು. ಮುಖವಾಡದೊಳಗೆ ಅತ್ತರೆ ಒರೆಸಿಕೊಳ್ಳಲೂ ಆಗುವುದಿಲ್ಲ. ಇವರು ಹೇಳಿದ್ದೇ ನಿಜವಾಯಿತಲ್ಲ ಎಂಬ ಸಂಕಟ ಸೋತ ಸಂಕಟಕ್ಕಿಂತ ದೊಡ್ಡದಾಗಿತ್ತು.

ಅಂಕಿ ಕೆಂಪಾಗಿ ಗಡಿಯಾರ ಕೂಗಿಕೊಂಡಿತು. ಕಲಿಸಿದಂತೆ ಕುತ್ತಿಗೆಯ ಮುಂದೆ ಕೈ ಆಡಿಸಿ, ಗಾಳಿ ಮುಗಿಯಿತು ಎಂದು ಸನ್ನೆ ಮಾಡಿದೆ. ಒಂದು ಮಾತು ಒಪ್ಪಲೇಬೇಕು: ನನ್ನ ಗಂಡ ಕ್ಷಣವೂ ಯೋಚಿಸಲಿಲ್ಲ. ಜೋಡಿಗೆ ಕೊಡಲೆಂದೇ ಇರುವ ತಮ್ಮ ಸಿಲಿಂಡರಿನ ಎರಡನೇ ನಳಿಗೆಯನ್ನು ನನ್ನ ಬಾಯಿಗಿಟ್ಟು, ತೋಳು ಗಟ್ಟಿಯಾಗಿ ಹಿಡಿದುಕೊಂಡರು. ಆ ಗಳಿಗೆಯಲ್ಲಿ ಅವರ ಮೇಲೆ ನನಗೆ ನಿಜಕ್ಕೂ ಪ್ರೀತಿ ಉಕ್ಕಿತು.

ಅದು ಹೆಚ್ಚು ಹೊತ್ತು ಉಳಿಯಲಿಲ್ಲ. ಉಸಿರು ಎಳೆಯುವುದು ಗಟ್ಟಿ ಲಸ್ಸಿಯನ್ನು ಸ್ಟ್ರಾನಲ್ಲಿ ಎಳೆದಷ್ಟು ಕಷ್ಟವಾಯಿತು. ಅವರ ಕಣ್ಣುಗುಡ್ಡೆಗಳೂ ಹೊರಬಂದವು. ಗಡಿಯಾರ ನೋಡಿದರೆ ಗಾಳಿ ಬೇಕಾದಷ್ಟಿದೆ; ಬಾಯಿಗೆ ಮಾತ್ರ ಬರುತ್ತಿಲ್ಲ. ಕಾರ್ಖಾನೆಯವರ ಪದ್ಧತಿಯಂತೆ ಗಡಿಯಾರಕ್ಕೆ ಎರಡು ಏಟು ಹಾಕಿದರು. ಅಷ್ಟರಲ್ಲಿ ಮಾಸ್ತರ ಬಂದು ನಮ್ಮಿಬ್ಬರ ಸೊಂಟದ ಮೀಟರ್ ಎತ್ತಿ ನೋಡಿದ. ಅವರ ಮುಳ್ಳು ಸೊನ್ನೆಗೆ ಒರಗಿತ್ತು. ನನ್ನದು ಅರ್ಧಕ್ಕಿಂತ ಎಷ್ಟೋ ಮೇಲಿತ್ತು. ಅವನು ತಡಮಾಡದೆ ನನ್ನ ನಳಿಗೆಯನ್ನು ನನ್ನ ಬಾಯಿಗೆ, ನನ್ನ ಎರಡನೇ ನಳಿಗೆಯನ್ನು ಅವರ ಬಾಯಿಗೆ ತುರುಕಿದ. ದಮ್ ಇಲ್ಲದವಳ ಗಾಳಿಯನ್ನು ಕುಡಿಯುತ್ತ ನನ್ನ ಪತಿರಾಯರು ಮೇಲೆ ಬಂದರು.

ದಡದಲ್ಲಿ ಮಾಸ್ತರ ನಮ್ಮ ಮೀಟರು, ಗಡಿಯಾರ ತಾಳೆ ಹಾಕಿ ನೋಡಿ ಹಣೆ ಚಚ್ಚಿಕೊಂಡ. "ಕಾಕಾ, ಡಬ್ಬಿಗಳು ಅದಲುಬದಲು! ನೀವು ಇಷ್ಟೊತ್ತು ಕಾಕೂ ಅವರ ಗಾಳಿ ಎಣಿಸ್ತಿದ್ರಿ" ಎಂದು ಮರಾಠಿಯಲ್ಲಿ ಹೇಳಿದ. ಅವರು ದುಂದು ಮಾಡಿದ್ದು ನನ್ನ ಮಣಿಕಟ್ಟಿನಲ್ಲಿ ಕಂಡಿತ್ತು, ನಾನು ಉಳಿಸಿದ್ದು ಅವರ ಮಣಿಕಟ್ಟಿನಲ್ಲಿ. ಕಾಕೂ, ಅಂದರೆ ನಾನು, ಪಾಸು, ಕಾಕಾ ಮುಂದಿನ ಭಾನುವಾರ ಮತ್ತೆ ಬರಬೇಕು ಎಂದು ತೀರ್ಪಾಯಿತು. ಮಗಳು ನಕ್ಕು ನಕ್ಕು ನೆಲದ ಮೇಲೆ ಕೂತಳು. ನಾನು ನಗಲಿಲ್ಲ, ನಕ್ಕರೆ ಖುಷಿ ಚೆಲ್ಲಿಹೋದೀತೆಂದು ಬಾಯಿ ಬಿಗಿಹಿಡಿದಿದ್ದೆ.

ಮರಳುವಾಗ ಕಾರನ್ನು ಅವರೇ ಓಡಿಸುತ್ತಿದ್ದರು. ಯೇವಲಾ ದಾಟಿದ ಮೇಲೆ ಕೆಮ್ಮಿ, ರಸ್ತೆಯನ್ನೇ ನೋಡುತ್ತ ಕೇಳಿದರು: "ಅಷ್ಟ್ ಕಮ್ಮಿ ಗಾಳ್ಯಾಗ ಹ್ಯಾಂಗ ಇದ್ದಿ ನೀ?"

"ರೂಢಿ ಅದ್ರಿ" ಎಂದೆ.

ಅಷ್ಟರಲ್ಲಿ ಬೀದರಿನಿಂದ ಅವರ ಅಕ್ಕನ ಫೋನು. ಕಾರಿನ ಸ್ಪೀಕರಿನಲ್ಲಿ ದನಿ ದೊಡ್ಡದಾಗಿಯೇ ಕೇಳಿಸಿತು. "ಏನಾತೋ ತಮ್ಮಾ? ನಿನ್ನ ಹೇಣ್ತಿ ಸಮುದ್ರಕ್ಕ ಹೋಗ್ತಾಳೇನು?"

ಅವರು ಅಭ್ಯಾಸದಂತೆ ಬಾಯಿ ತೆರೆದರು. ಒಮ್ಮೆ ನನ್ನ ಕಡೆ ತಿರುಗಿ ನೋಡಿ ಮುಚ್ಚಿಕೊಂಡರು.

"ಅಕಿನ್ನೇ ಕೇಳಕ್ಕಾ" ಎಂದರು.

ನಾನು ಹೇಳತೊಡಗಿದೆ. ವೈಜಾಪುರ ಬಂತು, ಹೋಯಿತು. ನಾನಿನ್ನೂ ಹೇಳುತ್ತಲೇ ಇದ್ದೆ.